ವಿಸಾ ಬಂತು ಎಂದರೆ ಕೆಲಸ ಬಂತು ಎಂದಲ್ಲ: ವಿದೇಶದ ಕೋಡಿಂಗ್ ಬೂಟ್‌ಕ್ಯಾಂಪ್ ಮತ್ತು ಗಡಿನಾಡಿನ ಲೆಕ್ಕಾಚಾರ

ಕುಂಬಳೆಯಲ್ಲೋ ಉಪ್ಪಳದಲ್ಲೋ ಒಬ್ಬ ಹುಡುಗನಿಗೆ 'ವಿಸಾ ಬಂತು' ಎಂದು ಸುದ್ದಿಯಾದರೆ, ಕೇಳಿದವರ ಮುಂದಿನ ಪ್ರಶ್ನೆ 'ಯಾವ ಕಂಪನಿ?' ಎಂದಿರುತ್ತದೆ. ಅರ್ಧ ಶತಮಾನದ ಗಲ್ಫ್ ನಂಟು ಗಡಿನಾಡು ಕಾಸರಗೋಡಿನ ಮಾತಿನಲ್ಲಿ ವಿಸಾ, ಕೆಲಸ ಎಂಬ ಎರಡು ಪದಗಳನ್ನು ಬೆಸೆದುಬಿಟ್ಟಿದೆ. ಕೊಲ್ಲಿಯ ಮಟ್ಟಿಗೆ ಅದು ತಪ್ಪೂ ಅಲ್ಲ. ಅಲ್ಲಿ ಕೆಲಸ ಕೊಡುವವನೇ ವಾಸದ ಪರವಾನಗಿಗೂ ಹೊಣೆ. ಕುಟುಂಬದ ವಿಸಾ, ಪ್ರವಾಸಿ ವಿಸಾಗಳನ್ನು ಬಿಟ್ಟರೆ, ಪಾಸ್‌ಪೋರ್ಟಿಗೆ ಬೀಳುವ ಮುದ್ರೆಯ ಹಿಂದೆ ಹೆಚ್ಚಾಗಿ ಒಂದು ಕಂಪನಿ ಇರುತ್ತದೆ.

ಈಗ ಅದೇ ಕಿವಿಗೆ ಹೊಸದೊಂದು ಮಾತು ಬೀಳುತ್ತಿದೆ. ಪದವಿ ಯಾವುದಾದರೂ ಸರಿ, ಹನ್ನೆರಡು ವಾರ ವಿದೇಶದ ಬೂಟ್‌ಕ್ಯಾಂಪಿನಲ್ಲಿ ಕೋಡಿಂಗ್ ಕಲಿಯಿರಿ, ಅಲ್ಲೇ ಐಟಿ ಉದ್ಯೋಗ ಹಿಡಿಯಿರಿ. ಇದರ ಪಕ್ಕದಲ್ಲೇ ಪತ್ರಿಕೆಗಳಲ್ಲಿ ಬೇರೆ ಸುದ್ದಿ. 2025ರ ಸೆಪ್ಟೆಂಬರ್ 19ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಹೊರಡಿಸಿದ ಘೋಷಣೆ ಎಚ್-1ಬಿ ಎಂಬ ಉದ್ಯೋಗ ವಿಸಾದ ಹೊಸ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ಬ್ರಿಟನ್ ಉದ್ಯೋಗದ ವಿಸಾಗೆ ಬೇಕಾದ ಕನಿಷ್ಠ ಸಂಬಳದ ಮಿತಿ ಏರಿಸಿತು. ಜರ್ಮನಿ ಮಾತ್ರ ಪದವಿಯಿಲ್ಲದ ಐಟಿ ಪರಿಣತರೂ ಬರಬಹುದು ಎಂದಿತು. ಒಂದು ಬಾಗಿಲು ಮುಚ್ಚಿತು, ಇನ್ನೊಂದು ತೆರೆಯಿತು ಎಂದು ಓದಿದವರಿಗೆ, ಈ ಬೂಟ್‌ಕ್ಯಾಂಪ್ ಎಂಬುದು ಯಾವ ಬಾಗಿಲಿನ ಕೀಲಿಕೈ ಎಂಬುದೇ ತಿಳಿಯದೆ ಹೋಗುತ್ತದೆ. ಗೊಂದಲದ ಬೇರು ಇರುವುದು ವಿಸಾ ಎಂಬ ಆ ಒಂದೇ ಪದದಲ್ಲಿ.

ಬೂಟ್‌ಕ್ಯಾಂಪ್ ಹುಟ್ಟಿದ್ದು ಯಾರಿಗಾಗಿ

ಬೂಟ್‌ಕ್ಯಾಂಪ್ ಎಂದರೆ ಮೂಲತಃ ಸೇನೆಗೆ ಹೊಸದಾಗಿ ಸೇರಿದವರ ಕಠಿಣ ತರಬೇತಿ ಶಿಬಿರ. ಆ ಹೆಸರನ್ನು ಸಾಫ್ಟ್‌ವೇರ್ ಲೋಕ ಎರವಲು ಪಡೆದದ್ದು 2011-12ರ ಸುಮಾರಿಗೆ. ಸ್ಯಾನ್ ಫ್ರಾನ್ಸಿಸ್ಕೋದ ಡೆವ್ ಬೂಟ್‌ಕ್ಯಾಂಪ್, ನ್ಯೂಯಾರ್ಕಿನ ಜನರಲ್ ಅಸೆಂಬ್ಲಿ ಮೊದಲ ಸಾಲಿನವು. ಪ್ಯಾರಿಸ್‌ನಲ್ಲಿ ಲ ವಾಗನ್, ಮ್ಯಾಡ್ರಿಡ್‌ನಲ್ಲಿ ಐರನ್‌ಹ್ಯಾಕ್ 2013ರಲ್ಲಿ ಬಂದವು. ಮೂರರಿಂದ ಆರು ತಿಂಗಳು, ಬೆಳಗಿನಿಂದ ರಾತ್ರಿವರೆಗೆ ಕೂರಿಸಿ, ಗಣಿತ ಸಿದ್ಧಾಂತಗಳ ಗೊಡವೆಗೆ ಹೋಗದೆ, ವೆಬ್‌ಸೈಟ್ ಕಟ್ಟುವ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಕೈಗೆ ಹಚ್ಚಿಸುವುದು ಇವುಗಳ ಕ್ರಮ.

ಅದು ಆಗ ಫಲಿಸಿತು. 2008ರಲ್ಲಿ ಐಫೋನಿನ ಆ್ಯಪ್ ಸ್ಟೋರ್ ತೆರೆದ ಮೇಲೆ ಸಣ್ಣಪುಟ್ಟ ಕಂಪನಿಗಳಿಗೂ ಆ್ಯಪ್ ಬೇಕಾಯಿತು. ಬಡ್ಡಿದರ ಸೊನ್ನೆಯ ಹತ್ತಿರ ಇದ್ದುದರಿಂದ ಹೂಡಿಕೆಯ ಹಣ ಹರಿಯಿತು, ವಿಶ್ವವಿದ್ಯಾಲಯಗಳಿಂದ ಹೊರಬರುವ ಎಂಜಿನಿಯರುಗಳು ಸಾಲಲಿಲ್ಲ. ಆದರೆ ಅಲ್ಲಿಗೆ ಸೇರುತ್ತಿದ್ದವರು ಯಾರು ಎಂಬುದನ್ನು ನೋಡಬೇಕು. ಹೆಚ್ಚಿನವರು ಅದೇ ದೇಶದವರು, ಮತ್ತಾವುದೋ ವಿಷಯದಲ್ಲಿ ಪದವಿ ಪಡೆದವರು, ಕೆಲವು ವರ್ಷ ಬೇರೆ ಕೆಲಸ ಮಾಡಿ ಬೇಸತ್ತವರು. ಸಂಗೀತ ಓದಿದವಳು, ಬ್ಯಾಂಕಿನ ಗುಮಾಸ್ತ, ಶಾಲೆಯ ಮೇಷ್ಟರು. ಅವರಿಗೆ ಕೊರತೆ ಇದ್ದದ್ದು ಕೌಶಲದ್ದು ಮಾತ್ರ. ಆ ದೇಶದಲ್ಲಿ ದುಡಿಯುವ ಹಕ್ಕು ಹುಟ್ಟಿನಿಂದಲೇ ಇತ್ತು, ಕರೆದರೆ ನಾಳೆಯೇ ಸಂದರ್ಶನಕ್ಕೆ ಹೋಗಬಹುದಿತ್ತು. ಬೂಟ್‌ಕ್ಯಾಂಪ್ ಆ ಒಂದೇ ಒಂದು ಕೊರತೆ ನೀಗಿಸಲು ಹುಟ್ಟಿದ ಸರಕು.

ಬದಿಯಡ್ಕದಿಂದ ಹೊರಡುವವನ ಪಾಡು ಬೇರೆ. ಅವನಿಗೆ ಕೌಶಲವೂ ಬೇಕು, ಅದಕ್ಕಿಂತ ಮೊದಲು ಅಲ್ಲಿ ಉಳಿದು ದುಡಿಯುವ ಹಕ್ಕೂ ಬೇಕು. ಜಾಹೀರಾತು ಓದುವಾಗ ಅವನ ಮನಸ್ಸು ನಿಜವಾಗಿ ಕೊಳ್ಳುತ್ತಿರುವುದು ಎರಡನೆಯದನ್ನು. ಮಾರುವವನ ಅಂಗಡಿಯಲ್ಲಿ ಅದು ಇಲ್ಲ.

2022ರ ನಂತರ ತಿರುಗಿದ ಗಾಳಿ

ಹಕ್ಕಿನ ಮಾತು ಬದಿಗಿಟ್ಟು, ಬರೀ ಕಸುಬಿನ ಪೇಟೆಯನ್ನೇ ನೋಡೋಣ. 2022ರ ಮಾರ್ಚಿನಲ್ಲಿ ಸೊನ್ನೆಯ ಆಸುಪಾಸಿನಲ್ಲಿದ್ದ ಅಮೆರಿಕದ ಬಡ್ಡಿದರ 2023ರ ಜುಲೈ ಹೊತ್ತಿಗೆ ಶೇ. 5 ದಾಟಿತು. ಅಗ್ಗದ ಹಣ ನಿಂತಿತು. ಮೆಟಾ 2022ರ ನವೆಂಬರಿನಲ್ಲಿ 11,000 ಮಂದಿಯನ್ನು, ಗೂಗಲ್ 2023ರ ಜನವರಿಯಲ್ಲಿ 12,000 ಮಂದಿಯನ್ನು ತೆಗೆಯುವುದಾಗಿ ಹೇಳಿದವು. ಇಷ್ಟು ಅನುಭವಿಗಳು ಒಮ್ಮೆಲೇ ಬೀದಿಗೆ ಬಂದಾಗ ಹನ್ನೆರಡು ವಾರ ಕಲಿತವನ ಅರ್ಜಿಯನ್ನು ಯಾರು ತೆರೆದು ನೋಡುತ್ತಾರೆ?

ಅದೇ ನವೆಂಬರಿನಲ್ಲಿ ಚಾಟ್‌ಜಿಪಿಟಿಯೂ ಬಂತು. ಬೂಟ್‌ಕ್ಯಾಂಪ್ ಕಲಿಸುವುದು ಏನನ್ನು? ಲಾಗಿನ್ ಪುಟ, ಅರ್ಜಿ ನಮೂನೆ, ಸಣ್ಣ ಡೇಟಾಬೇಸ್, ಒಂದು ಅಂಗಡಿಯ ವೆಬ್‌ಸೈಟ್. ಕೃತಕ ಬುದ್ಧಿಮತ್ತೆಯ ಸಾಧನಗಳು ಎಲ್ಲಕ್ಕಿಂತ ಮೊದಲು ಕೈಹಾಕಿದ್ದು ಇವೇ ಕೆಲಸಗಳಿಗೆ. ಅಮೆರಿಕದ ವೇತನ ದಾಖಲೆಗಳನ್ನು ಹಿಡಿದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರ ಆಗಸ್ಟಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 22ರಿಂದ 25 ವರ್ಷದ ಸಾಫ್ಟ್‌ವೇರ್ ಉದ್ಯೋಗಿಗಳ ಸಂಖ್ಯೆ 2022ರ ಕೊನೆಯ ಗರಿಷ್ಠ ಮಟ್ಟದಿಂದ ಸುಮಾರು ಶೇ. 20ರಷ್ಟು ಇಳಿದಿದೆ. ಅದೇ ಕಸುಬಿನ ಹಿರಿಯರಲ್ಲಿ ಆ ಇಳಿತ ಕಾಣುವುದಿಲ್ಲ. ಏಣಿ ಇದೆ, ಕೆಳಗಿನ ಮೆಟ್ಟಿಲುಗಳು ಸವೆದಿವೆ.

ಪೆಟ್ಟು ಬೂಟ್‌ಕ್ಯಾಂಪುಗಳಿಗೇ ಬಿತ್ತು. ಮೊದಲಿಗರಲ್ಲಿ ಒಂದಾದ ಡೆವ್ ಬೂಟ್‌ಕ್ಯಾಂಪ್ 2017ರಲ್ಲೇ ಬಾಗಿಲು ಹಾಕಿತ್ತು. ಹೆಸರಾಂತ ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ಬೂಟ್‌ಕ್ಯಾಂಪ್ ನಡೆಸುತ್ತಿದ್ದ ಟ್ರಿಲಜಿ ಎಂಬ ಸಂಸ್ಥೆಯನ್ನು 2019ರಲ್ಲಿ 75 ಕೋಟಿ ಡಾಲರಿಗೆ ಕೊಂಡಿದ್ದ 2ಯು ಕಂಪನಿ, 2024ರ ಜುಲೈಯಲ್ಲಿ ದಿವಾಳಿ ಕಾನೂನಿನ ರಕ್ಷಣೆ ಕೇಳಿತು. ಅದೇ ಡಿಸೆಂಬರಿನಲ್ಲಿ ಬೂಟ್‌ಕ್ಯಾಂಪುಗಳನ್ನೇ ಕೈಬಿಡುವುದಾಗಿ ಪ್ರಕಟಿಸಿತು. ತಮ್ಮ ನೆಲದಲ್ಲಿ ಗಿರಾಕಿ ಕಡಿಮೆಯಾದ ಅಂಗಡಿ ಹೊರಗಿನ ಗಿರಾಕಿಯನ್ನು ಹುಡುಕುವುದು ವ್ಯಾಪಾರದ ಸಹಜ ನಡೆ. ನಮ್ಮ ಕಡೆಯ ಮೊಬೈಲುಗಳಲ್ಲಿ ಇಂಥ ಜಾಹೀರಾತು ಈಗ ತೇಲುವುದಕ್ಕೆ ಇದೂ ಒಂದು ಕಾರಣವಿರಬಹುದು.

'ಶೇ. 86 ಪ್ಲೇಸ್‌ಮೆಂಟ್' ಎಂದರೆ ನೂರರಲ್ಲಿ ಯಾರು

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಪ್ಲೇಸ್‌ಮೆಂಟಿನ ಶೇಕಡಾವಾರು. ಅದು ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಒಂದು ದಾಖಲಾದ ಪ್ರಕರಣವೇ ಇದೆ.

2017ರಲ್ಲಿ ಲ್ಯಾಂಬ್ಡಾ ಸ್ಕೂಲ್ ಎಂಬ ಹೆಸರಿನಲ್ಲಿ ಶುರುವಾಗಿ ಮುಂದೆ ಬ್ಲೂಮ್‌ಟೆಕ್ ಎಂದಾದ ಅಮೆರಿಕದ ಸಂಸ್ಥೆ, ಫೀಸು ಈಗ ಬೇಡ, ಕೆಲಸ ಸಿಕ್ಕಿದ ಮೇಲೆ ಸಂಬಳದಲ್ಲಿ ಪಾಲು ಕೊಡಿ ಎಂದು ಹೆಸರು ಮಾಡಿತು. ಪಾಲು ಎಂದರೆ ಸಂಬಳದ ಶೇ. 17, 24 ಕಂತುಗಳವರೆಗೆ ಅಥವಾ ಒಟ್ಟು 30,000 ಡಾಲರ್ ತುಂಬುವವರೆಗೆ. ಇದು ಸಾಲವಲ್ಲ ಎಂದು ಸಂಸ್ಥೆ ಹೇಳುತ್ತಿತ್ತು. 2024ರ ಏಪ್ರಿಲಿನಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ, ಇದು ಸಾಲವೇ, ಸರಾಸರಿ 4,000 ಡಾಲರಿನಷ್ಟು ಹಣಕಾಸು ಶುಲ್ಕ ಒಳಗೆ ಅಡಗಿದೆ ಎಂದು ಆದೇಶ ನೀಡಿತು. ಜಾಹೀರಾತಿನಲ್ಲಿ ಶೇ. 71ರಿಂದ 86 ಎಂದಿದ್ದ ಪ್ಲೇಸ್‌ಮೆಂಟ್, ಒಳಗಿನ ಲೆಕ್ಕದಲ್ಲಿ ಶೇ. 50ರ ಹತ್ತಿರ, ಕೆಲವೊಮ್ಮೆ 30ಕ್ಕೂ ಇಳಿದಿತ್ತು. ಎಲ್ಲಕ್ಕಿಂತ ಸ್ವಾರಸ್ಯದ ಸಂಗತಿ ಬೇರೆ. ಒಂದು ತಂಡದಲ್ಲಿ ನೂರಕ್ಕೆ ನೂರು ಮಂದಿಗೆ ಕೆಲಸ ಸಿಕ್ಕಿತು ಎಂದು ಅದರ ಮುಖ್ಯಸ್ಥರು ಬಹಿರಂಗವಾಗಿ ಬರೆದುಕೊಂಡಿದ್ದರು. ಆ ಲೆಕ್ಕದಲ್ಲಿ ಇದ್ದದ್ದು ಒಬ್ಬನೇ ವಿದ್ಯಾರ್ಥಿ ಎಂದು ಆಮೇಲೆ ಖಾಸಗಿ ಸಂದೇಶವೊಂದರಲ್ಲಿ ಅವರೇ ಒಪ್ಪಿಕೊಂಡಿದ್ದರು. ಗಣಿತದ ಪ್ರಕಾರ ತಪ್ಪೇನಿಲ್ಲ!

ಶೇಕಡಾವಾರನ್ನು ಉಬ್ಬಿಸಲು ಸುಳ್ಳು ಹೇಳಲೇಬೇಕೆಂದಿಲ್ಲ. ಅರ್ಧಕ್ಕೆ ಬಿಟ್ಟವರನ್ನು ಎಣಿಸದಿದ್ದರೆ ಸಾಕು. ವಾರಕ್ಕೆ ಇಂತಿಷ್ಟು ಅರ್ಜಿ ಹಾಕದವರನ್ನು ಕೆಲಸ ಹುಡುಕದವರು ಎಂದು ಪಟ್ಟಿಯಿಂದ ತೆಗೆಯಬಹುದು. ಬೂಟ್‌ಕ್ಯಾಂಪಿನಲ್ಲೇ ಸಹಾಯಕ ಬೋಧಕನಾಗಿ ಮೂರು ತಿಂಗಳು ಉಳಿದವನನ್ನು ಉದ್ಯೋಗಿ ಎನ್ನಬಹುದು. ಹೊರದೇಶದ ವಿದ್ಯಾರ್ಥಿ ವಿಸಾ ಮುಗಿದು ಊರಿಗೆ ಮರಳಿದರೆ ಅವನು ಸ್ಥಳೀಯ ಉದ್ಯೋಗ ಪೇಟೆಯಲ್ಲೇ ಇಲ್ಲ, ಹೀಗಾಗಿ ಛೇದದಿಂದಲೇ ಕಳೆದುಹೋಗುತ್ತಾನೆ. ಅಂದರೆ ಮಂಜೇಶ್ವರದಿಂದ ಹೋಗಿ ಕೆಲಸ ಸಿಗದೆ ಹಿಂದಿರುಗಿದವನು ಆ ಹೊಳೆಯುವ ಅಂಕಿಯನ್ನು ಒಂದಿಷ್ಟೂ ಮಸುಕುಗೊಳಿಸುವುದಿಲ್ಲ.

ಮೂರು ಕಾಗದಗಳು

ಗಲ್ಫ್ ದಾರಿಯಲ್ಲಿ ಒಂದೇ ಆಗಿದ್ದದ್ದು ಇಲ್ಲಿ ಮೂರು ಹಾಳೆಗಳಾಗಿ ಒಡೆಯುತ್ತದೆ. ಮೊದಲನೆಯದು ಬೂಟ್‌ಕ್ಯಾಂಪ್ ಕೊಡುವ ಪ್ರವೇಶ ಪತ್ರ. ಎರಡನೆಯದು ಆ ದೇಶ ಕೊಡುವ ಪ್ರವೇಶದ ಅನುಮತಿ. ಮೂರನೆಯದು ಅಲ್ಲಿ ದುಡಿಯಲು ಬೇಕಾದ ಪರವಾನಗಿ. ಫೀಸು ಕಟ್ಟಿದರೆ ಮೊದಲನೆಯದು ಬಂದೇ ಬರುತ್ತದೆ. ಎರಡನೆಯದು ಬರಲೂಬಹುದು. ಮೊದಲೆರಡು ಕೈಯಲ್ಲಿದ್ದ ಮಾತ್ರಕ್ಕೆ ಮೂರನೆಯದು ಹುಟ್ಟುವುದಿಲ್ಲ. ದೇಶದಿಂದ ದೇಶಕ್ಕೆ ಇದರ ಬಗೆ ಬೇರೆಯಾದ್ದರಿಂದ ಸ್ವಲ್ಪ ನಿಧಾನವಾಗಿಯೇ ನೋಡಬೇಕು.

ಅಮೆರಿಕದಲ್ಲಿ ವಿದ್ಯಾರ್ಥಿ ವಿಸಾಗೆ ಬೇಕಾದ ದಾಖಲೆ ಕೊಡಬಲ್ಲದ್ದು ಸರಕಾರದಿಂದ ಆ ಕೆಲಸಕ್ಕೆ ಮಾನ್ಯತೆ ಪಡೆದ ಸಂಸ್ಥೆ ಮಾತ್ರ. ಬಹುಪಾಲು ಬೂಟ್‌ಕ್ಯಾಂಪುಗಳಿಗೆ ಅದಿಲ್ಲ. ವೃತ್ತಿ ತರಬೇತಿಯ ಎಂ-1 ವಿಸಾ ಸಿಕ್ಕಿದರೂ, ನಾಲ್ಕು ತಿಂಗಳ ಓದಿಗೆ ಒಂದು ತಿಂಗಳಂತೆ ಮಾತ್ರ ಪ್ರಾಯೋಗಿಕ ತರಬೇತಿಗೆ ಅವಕಾಶ, ಗರಿಷ್ಠ ಆರು ತಿಂಗಳು. ಎಂ.ಎಸ್. ಓದಿದವರಿಗೆ ಸಿಗುವ ಒಂದು ವರ್ಷ ಮತ್ತು ಅದರ ಮೇಲಿನ 24 ತಿಂಗಳ ವಿಸ್ತರಣೆ ಇಲ್ಲಿಲ್ಲ. ಎಚ್-1ಬಿಗೆ ಸಂಬಂಧಪಟ್ಟ ವಿಷಯದ ಪದವಿ ಅಥವಾ ಅದಕ್ಕೆ ಸಮನಾದದ್ದು ಬೇಕು. ಇದರ ಮೇಲೆ, 2025ರ ಘೋಷಣೆಯಂತೆ ದೇಶದ ಹೊರಗಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್, ಅಂದರೆ ಡಾಲರಿಗೆ 88 ರೂಪಾಯಿಯಂತೆ ಹಿಡಿದರೂ 88 ಲಕ್ಷ ರೂಪಾಯಿ. ಈಗಾಗಲೇ ಅಲ್ಲಿ ಎಚ್-1ಬಿಯಲ್ಲಿ ಇರುವವರ ನವೀಕರಣಕ್ಕೆ ಈ ಶುಲ್ಕ ಇಲ್ಲ. ಸುದ್ದಿ ಬಂದ ದಿನ ಮೂಡಿದ ಗಾಬರಿಯಲ್ಲಿ ಈ ವ್ಯತ್ಯಾಸ ಮುಳುಗಿಹೋಯಿತು. ಹೊಸದಾಗಿ ಕೋಡಿಂಗ್ ಕಲಿತವನೊಬ್ಬನಿಗಾಗಿ ಯಾವ ಕಂಪನಿ ಈ ಹಣ ಕಟ್ಟೀತು?

ಕೆನಡಾದ ವಿಷಯದಲ್ಲಿ ಏಜೆಂಟರು ಹೇಳುವ ಮಾತು ನಿಜವೇ ಆಗಿರುವುದರಿಂದ ಇನ್ನೂ ಅಪಾಯಕಾರಿ. 'ಆರು ತಿಂಗಳೊಳಗಿನ ಕೋರ್ಸಿಗೆ ಸ್ಟಡಿ ಪರ್ಮಿಟ್ ಬೇಡ' ಎನ್ನುತ್ತಾರೆ. ಹೌದು, ಬೇಡ. ಆದರೆ ಓದಿನ ಬಳಿಕ ದುಡಿಯುವ ಪರವಾನಗಿ ಸಿಗಬೇಕಾದರೆ ಅರ್ಹ ಸಂಸ್ಥೆಯೊಂದರಲ್ಲಿ ಕನಿಷ್ಠ ಎಂಟು ತಿಂಗಳ ಕೋರ್ಸು ಆಗಿರಬೇಕು. ಪರ್ಮಿಟ್ ಬೇಡ ಎಂಬ ಅನುಕೂಲವೇ ಮುಂದಿನ ದಾರಿ ಇಲ್ಲ ಎಂಬುದರ ಸೂಚನೆ. ಬ್ರಿಟನ್ನಿನದೂ ಹೆಚ್ಚುಕಡಿಮೆ ಇದೇ ಕಥೆ. ಸಂದರ್ಶಕರ ವಿಸಾದಲ್ಲಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಆರು ತಿಂಗಳವರೆಗೆ ಓದಬಹುದು, ದುಡಿಯುವಂತಿಲ್ಲ. ಓದು ಮುಗಿಸಿದವರಿಗೆ ಉಳಿಯಲು ಅವಕಾಶ ಕೊಡುವ ಗ್ರ್ಯಾಜುಯೇಟ್ ವಿಸಾ ಪದವಿ ಪಡೆದವರಿಗೆ. ಉದ್ಯೋಗದ ವಿಸಾದ ಸಾಮಾನ್ಯ ಸಂಬಳ ಮಿತಿ 2024ರ ಏಪ್ರಿಲಿನಲ್ಲಿ 26,200 ಪೌಂಡಿನಿಂದ 38,700ಕ್ಕೆ, 2025ರ ಜುಲೈಯಲ್ಲಿ 41,700ಕ್ಕೆ ಏರಿತು. ಹೊಸಬರಿಗೆ ಕೊಂಚ ರಿಯಾಯಿತಿ ಇದೆಯಾದರೂ ಇಳಿದ ಪೇಟೆಯಲ್ಲಿ ಆ ಸಂಬಳ ಕೊಟ್ಟು, ಪ್ರಾಯೋಜಕನ ಜಂಜಾಟವನ್ನೂ ಹೊರುವ ಕಂಪನಿ ಹುಡುಕಬೇಕು.

ಉಳಿದದ್ದು ಜರ್ಮನಿ. ಇಲ್ಲಿ ಸುದ್ದಿಯೂ ನಿಜ, ಆಸೆಯೂ ನಿಜ, ಎರಡರ ನಡುವೆ ಒಂದು ಸಾಲು ಮಾತ್ರ ಓದದೆ ಉಳಿಯುತ್ತದೆ. 2023ರ ವಲಸೆ ಕಾನೂನಿನ ತಿದ್ದುಪಡಿಯ ಬಳಿಕ ಪದವಿ ಇಲ್ಲದ ಐಟಿ ಪರಿಣತನಿಗೂ ಬ್ಲೂ ಕಾರ್ಡ್ ಎಂಬ ವಾಸ-ಉದ್ಯೋಗದ ಪರವಾನಗಿ ಸಿಗಬಹುದು. ಆದರೆ ಹಿಂದಿನ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಪದವೀಧರನ ಮಟ್ಟದ ಐಟಿ ಕೆಲಸ ಮಾಡಿರಬೇಕು, ಕೈಯಲ್ಲಿ ಉದ್ಯೋಗದ ಕರಾರು ಇರಬೇಕು. 2025ರ ಲೆಕ್ಕದಲ್ಲಿ ವಾರ್ಷಿಕ ಸಂಬಳ ಸುಮಾರು 43,760 ಯೂರೋ ಆಗಬೇಕು. 2024ರ ಜೂನ್ 1ರಿಂದ ಜಾರಿಗೆ ಬಂದ ಚಾನ್ಸೆನ್‌ಕಾರ್ಟೆ ಎಂಬ ಅವಕಾಶ ಕಾರ್ಡು ಕೆಲಸ ಹುಡುಕಲು ಒಂದು ವರ್ಷ ಕೊಡುತ್ತದೆ, ವಾರಕ್ಕೆ 20 ಗಂಟೆ ದುಡಿಯಲೂ ಬಿಡುತ್ತದೆ. ಅದಕ್ಕೆ ಬೇಕಾದದ್ದು ಪದವಿ, ಇಲ್ಲವೇ ತಮ್ಮ ದೇಶದ ಸರಕಾರದ ಮಾನ್ಯತೆಯುಳ್ಳ ಕನಿಷ್ಠ ಎರಡು ವರ್ಷದ ವೃತ್ತಿ ಶಿಕ್ಷಣ. ಜೊತೆಗೆ ಜರ್ಮನ್ ಭಾಷೆಯ ಮೊದಲ ಹಂತ ಅಥವಾ ಒಳ್ಳೆಯ ಮಟ್ಟದ ಇಂಗ್ಲಿಷ್, ಮತ್ತು ಜೀವನ ನಿರ್ವಹಣೆಗೆ 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋದಂತೆ ತೋರಿಸಬಲ್ಲ ಹಣ. ವರ್ಷಕ್ಕೆ ಹನ್ನೆರಡು ಲಕ್ಷ ರೂಪಾಯಿಗೂ ಮೇಲಾಯಿತು.

ಈ ಯಾವ ಸಾಲಿನಲ್ಲೂ ಹನ್ನೆರಡು ವಾರದ ಬೂಟ್‌ಕ್ಯಾಂಪ್ ಪ್ರಮಾಣಪತ್ರಕ್ಕೆ ಜಾಗವಿಲ್ಲ. ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಕಾಲೇಜಿನ ಪದವಿಗೆ ಇದೆ. ಗಡಿಯಾಚೆ ಮುಡಿಪಿನಲ್ಲೋ ಇತ್ತ ಕೊಚ್ಚಿಯಲ್ಲೋ ಮೂರು ವರ್ಷ ಮಾಡಿದ ಐಟಿ ಕೆಲಸಕ್ಕೆ ಇದೆ. ಬರ್ಲಿನ್ನಿನಲ್ಲಿ ಲಕ್ಷಾಂತರ ಸುರಿದು ಪಡೆದ ಕಾಗದ ಬರ್ಲಿನ್ನಿನ ಸರಕಾರದ ಕಣ್ಣಿಗೇ ಬೀಳುವುದಿಲ್ಲ ಎಂಬುದು ಈ ಇಡೀ ವ್ಯವಹಾರದ ವಿಚಿತ್ರ.

ಅಲ್ಲಿದ್ದವರಿಗೆ ಉಚಿತ, ಹೋಗುವವರಿಗೆ ಲಕ್ಷ

ಹಾಗಾದರೆ ವಿದೇಶದ ಬೂಟ್‌ಕ್ಯಾಂಪ್ ಯಾರಿಗೂ ಉಪಯೋಗವಿಲ್ಲವೇ? ಇದೆ, ಮತ್ತು ಅವರು ಗಡಿನಾಡಿನಲ್ಲೂ ಇದ್ದಾರೆ.

ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ, ಐಟಿಯಲ್ಲಿರುವ ಗಂಡನ ಜೊತೆ ಮ್ಯೂನಿಕ್ಕಿಗೆ ಹೋದ ಮುಳ್ಳೇರಿಯದ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ. ಬ್ಲೂ ಕಾರ್ಡ್ ಇರುವವನ ಪತ್ನಿಗೆ ಜರ್ಮನಿಯಲ್ಲಿ ದುಡಿಯಲು ಪೂರ್ಣ ಹಕ್ಕಿದೆ. ಆಕೆಗೆ ಮೂರನೆಯ ಕಾಗದ ಮೊದಲೇ ಸಿಕ್ಕಿದೆ, ಕೊರತೆ ಕೌಶಲದ್ದು ಮಾತ್ರ. ಬೂಟ್‌ಕ್ಯಾಂಪ್ ಮೂಲದಲ್ಲಿ ಹುಟ್ಟಿದ್ದೇ ಇಂಥವರಿಗೆ. ಸಾಲದೆಂಬಂತೆ, ಕೆಲಸ ಹುಡುಕುವವರೆಂದು ಉದ್ಯೋಗ ಕಚೇರಿಯಲ್ಲಿ ನೋಂದಾಯಿಸಿದವರಿಗೆ ಜರ್ಮನ್ ಸರಕಾರ ಬಿಲ್ಡುಂಗ್ಸ್‌ಗುಟ್‌ಶೈನ್ ಎಂಬ ಶಿಕ್ಷಣ ಚೀಟಿ ಕೊಡಬಹುದು. ಅದು ಸಿಕ್ಕಿದರೆ ಫೀಸನ್ನು ಸರಕಾರವೇ ಕಟ್ಟುತ್ತದೆ. ಇಂಗ್ಲೆಂಡಿನಲ್ಲಿ ವಾಸಿಸುವ, ದುಡಿಯುವ ಹಕ್ಕಿರುವ, 19 ದಾಟಿದವರಿಗಾಗಿ ಸರಕಾರ ನಡೆಸುವ ಸ್ಕಿಲ್ಸ್ ಬೂಟ್‌ಕ್ಯಾಂಪುಗಳು 16 ವಾರದವರೆಗಿನವು, ಸೇರುವವರಿಗೆ ಉಚಿತ. ಒಂದೇ ಬಗೆಯ ಪಾಠ ಅಲ್ಲಿರುವವಳಿಗೆ ಪುಕ್ಕಟೆ, ಇಲ್ಲಿಂದ ಹೊರಟವನಿಗೆ ಹತ್ತು ಲಕ್ಷ.

ಎರಡನೆಯ ಗುಂಪು ಗಲ್ಫಿನಲ್ಲೇ ಬೆಳೆದ ಮಕ್ಕಳದು. ಯುಎಇಯಲ್ಲಿ 2022ರ ಬದಲಾವಣೆಯ ಬಳಿಕ ಅವಿವಾಹಿತ ಗಂಡುಮಕ್ಕಳನ್ನು 25 ವರ್ಷದವರೆಗೆ ತಂದೆ ತನ್ನ ಪ್ರಾಯೋಜಕತ್ವದಲ್ಲಿ ಇರಿಸಿಕೊಳ್ಳಬಹುದು. ಮೊದಲು ಅದು 18 ಇತ್ತು. ಪ್ಯಾರಿಸ್ಸಿನಲ್ಲಿ 2013ರಲ್ಲಿ ಶುರುವಾದ, ಫೀಸೂ ಇಲ್ಲದ ಮೇಷ್ಟರೂ ಇಲ್ಲದ 42 ಎಂಬ ಕೋಡಿಂಗ್ ಶಾಲೆಯ ಶಾಖೆ 2020ರಿಂದ ಅಬುಧಾಬಿಯಲ್ಲಿದೆ. ತಂದೆಯ ಫ್ಲ್ಯಾಟಿನಲ್ಲಿ ಮಲಗಿ, ಬಸ್ಸು ಹಿಡಿದು ಹೋಗಿ ಕಲಿಯುವ ಹುಡುಗ ಸೋತರೂ ಕಳೆದುಕೊಳ್ಳುವುದು ಸಮಯವನ್ನಷ್ಟೇ. ಅದೇ ಹುಡುಗನ ದಾಯಾದಿ ಉಪ್ಪಳದಿಂದ ಪ್ರವಾಸಿ ವಿಸಾದಲ್ಲಿ ಹೋಗಿ ದುಬೈಯಲ್ಲಿ ಕಲಿಯಲು ಹೊರಟರೆ ಲೆಕ್ಕವೇ ತಲೆಕೆಳಗು.

ಕಂತಿನ ಮುಂದೆ ಸಂಬಳ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಏಳೂವರೆ ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಆದರೆ ವಿದೇಶದ ಮಟ್ಟಿಗೆ ಅದರ ಗಮನ ಪದವಿ, ಸ್ನಾತಕೋತ್ತರ ಕೋರ್ಸುಗಳ ಕಡೆಗೆ. ಹನ್ನೆರಡು ವಾರದ ಖಾಸಗಿ ತರಬೇತಿ ಆ ಚೌಕಟ್ಟಿನಲ್ಲಿ ಕೂರುವುದಿಲ್ಲ. ಹಾಗಾಗಿ ಹಣ ಬರುವುದು ಬೇರೆ ದಾರಿಯಿಂದ: ಅಮ್ಮನ ಚಿನ್ನ ಅಡವಿಗೆ, ಕೇರಳ ಸರಕಾರದ ಹಣಕಾಸು ಸಂಸ್ಥೆ ಕೆಎಸ್‌ಎಫ್‌ಇ ಚಿಟ್ಟಿ ಅವಧಿಗೆ ಮೊದಲೇ ಹಿಡಿತಕ್ಕೆ, ಮನೆ-ಹಿತ್ತಿಲು ಸಹಕಾರಿ ಬ್ಯಾಂಕಿಗೆ. ಹಳದಿ ರೋಗಕ್ಕೆ ಅರ್ಧ ಮರ ಬಿಟ್ಟುಕೊಟ್ಟ ಅಡಿಕೆ ತೋಟದ ಯಜಮಾನನಿಗೆ ಮಗನ ವಿದೇಶ ಎಂಬುದು ಬೆಳೆ ವಿಮೆಯ ಹಾಗೆ ಕಾಣುವುದರಲ್ಲಿ ಆಶ್ಚರ್ಯವಿಲ್ಲ.

ಕೋರ್ಸಿಗೆ 13,000 ಡಾಲರ್ ಎಂದಿಟ್ಟುಕೊಂಡರೆ ಸುಮಾರು ಹನ್ನೊಂದೂವರೆ ಲಕ್ಷ. ಟಿಕೆಟ್ಟು, ಬಾಡಿಗೆ, ಊಟ, ಏಜೆಂಟನ ಕೈಬಿಸಿ ಸೇರಿ ಸಾಲ 15 ಲಕ್ಷಕ್ಕೆ ನಿಂತಿತು ಎನ್ನೋಣ. ಶೇ. 11ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಹಂಚಿದರೆ ತಿಂಗಳ ಕಂತು 25,700 ರೂಪಾಯಿಯ ಹತ್ತಿರ. ಅಲ್ಲಿ ಕೆಲಸ ಸಿಗದೆ ಮರಳಿ, ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ದೊಡ್ಡ ಸೇವಾ ಕಂಪನಿಗೆ ಹೊಸಬನಾಗಿ ಸೇರಿದರೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಕೈಗೆ ಬರುವುದು ತಿಂಗಳಿಗೆ 25,000ದಷ್ಟು. ಸಂಬಳ ಪೂರ್ತಿ ಕಂತಿಗೆ ಹೋಗಿ, ಮೇಲೆ ಏಳುನೂರು ರೂಪಾಯಿ ಮನೆಯಿಂದ ತರಿಸಬೇಕು. ಬೂಟ್‌ಕ್ಯಾಂಪಿಗೆ ಹೋಗದೆಯೂ ಅದೇ ಕೆಲಸ ಅದೇ ಸಂಬಳಕ್ಕೆ ಸಿಗುತ್ತಿತ್ತು ಎಂಬುದು ಈ ಲೆಕ್ಕದ ಕಹಿ ಭಾಗ.

ಪರ ವಹಿಸುವವರ ವಾದ

ಬೂಟ್‌ಕ್ಯಾಂಪ್ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ನಮ್ಮ ಬಿಸಿಎ ಪಠ್ಯದಲ್ಲಿ ಕಲಿತದ್ದನ್ನು ಕಂಪನಿಯಲ್ಲಿ ಬಳಸುವುದು ಕಡಿಮೆ, ತಂಡದಲ್ಲಿ ಕೆಲಸ ಮಾಡುವ, ಬೇರೆಯವರ ಕೋಡ್ ಓದುವ, ತಪ್ಪು ಹುಡುಕುವ ರೂಢಿ ಇಲ್ಲ ಎಂಬ ದೂರು ನ್ಯಾಯವೇ. ಹತ್ತು ದೇಶದವರ ನಡುವೆ ಮೂರು ತಿಂಗಳು ಕಳೆದರೆ ಇಂಗ್ಲಿಷಿನ ಅಂಜಿಕೆ ಕಳಚುತ್ತದೆ ಎಂಬುದೂ ಸುಳ್ಳಲ್ಲ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ, ಕಚೇರಿಯಲ್ಲಿ ಮಲಯಾಳ, ಮನೆಯಲ್ಲಿ ತುಳುವೋ ಬ್ಯಾರಿಯೋ ಹವ್ಯಕವೋ ಆಡುತ್ತ ಬೆಳೆದ ಸಪ್ತಭಾಷೆಯ ನಾಡಿನ ಮಕ್ಕಳಿಗೆ ಎಂಟನೆಯದು ಕಷ್ಟವಾಗಬೇಕಿಲ್ಲ. ಆದರೆ ಸಂದರ್ಶನದ ಕೋಣೆಯಲ್ಲಿ ನಾಲಗೆ ಕಟ್ಟುವುದು ಈ ಎಂಟನೆಯದರಲ್ಲೇ.

ಎದುರು ವಾದ ಏನೆಂದರೆ, ಈ ಎರಡೂ ಕೊರತೆ ತುಂಬಲು ವಿಮಾನ ಹತ್ತಬೇಕಿಲ್ಲ. 2014ರಿಂದ ಅಂತರ್ಜಾಲದಲ್ಲಿ ನಡೆಯುತ್ತಿರುವ ಫ್ರೀಕೋಡ್‌ಕ್ಯಾಂಪ್, ಹಾರ್ವರ್ಡಿನ ಸಿಎಸ್50 ಕೋರ್ಸು ಉಚಿತ. ಐಐಟಿಗಳ ಎನ್‌ಪಿಟೆಲ್ ಪಾಠಗಳಿಗೂ ಹಣವಿಲ್ಲ, ಪರೀಕ್ಷೆ ಬರೆಯುವುದಿದ್ದರೆ ಮಾತ್ರ ಸಣ್ಣ ಶುಲ್ಕ. ಕೆಲವು ಪಾಠಗಳ ಕನ್ನಡ ಅನುವಾದವೂ ಇದೆ. ಕೇರಳದ ಶಾಲೆಗಳಲ್ಲಿ ಓದಿದ ಗಡಿನಾಡಿನ ಮಕ್ಕಳಿಗೆ ಇನ್ನೊಂದು ಅನುಕೂಲ ಅವರಿಗೇ ಮರೆತುಹೋಗಿರುತ್ತದೆ. ಐಟಿ@ಸ್ಕೂಲ್ ಯೋಜನೆಯಿಂದ ಅದೇ ಸಂಸ್ಥೆಯಾಗಿ ಬೆಳೆದ ಇಂದಿನ ಕೈಟ್‌ವರೆಗೆ ಆ ರಾಜ್ಯದ ಕಂಪ್ಯೂಟರ್ ಶಿಕ್ಷಣ ಬಹುಪಾಲು ನಡೆದದ್ದು ಸ್ವತಂತ್ರ ತಂತ್ರಾಂಶದ, ಅಂದರೆ ಯಾರೂ ಬಳಸಿ ತಿದ್ದಬಹುದಾದ ತಂತ್ರಾಂಶದ ಮೇಲೆ. ಪಠ್ಯಪುಸ್ತಕ ಕನ್ನಡದಲ್ಲೂ ಇದೆ. ಎಂಟನೆಯ ತರಗತಿಯಲ್ಲೇ ಅಂಥ ತಂತ್ರಾಂಶವಾದ ಲಿನಕ್ಸ್ ಮೇಲೆ ಕೈಯಾಡಿಸಿದವರು ಬೆಂಗಳೂರಿನ ಎಷ್ಟು ಖಾಸಗಿ ಶಾಲೆಗಳಲ್ಲಿ ಸಿಕ್ಕಾರು?

ಇಲ್ಲಿ ಈ ಲೇಖನದ ಒಲವು ಎತ್ತ ಎಂಬುದನ್ನು ಮುಚ್ಚಿಡಬೇಕಿಲ್ಲ. ಕಲಿಕೆಯ ವಾದದಲ್ಲಿ ಎರಡೂ ಕಡೆ ಹುರುಳಿದೆ. ಉಚಿತ ಪಾಠ ಎದುರಿಗಿದ್ದರೂ ಬೆನ್ನಟ್ಟುವವರಿಲ್ಲದೆ ಮುಗಿಸದವರು ಬಹಳ, ಬೂಟ್‌ಕ್ಯಾಂಪ್ ಮಾರುವುದು ಆ ಬೆನ್ನಟ್ಟುವಿಕೆಯನ್ನೇ. ವಲಸೆಯ ವಾದದಲ್ಲಿ ಮಾತ್ರ ಬೂಟ್‌ಕ್ಯಾಂಪ್ ಕಡೆಗೆ ಏನೂ ಇಲ್ಲ. ವಿದೇಶಕ್ಕೆ ಹೋಗುವುದೇ ಗುರಿಯಾದರೆ ಅನುಭವ ಮೊದಲು, ವಿಮಾನ ಆಮೇಲೆ ಎಂಬ ಕ್ರಮವನ್ನು ಜರ್ಮನಿಯ ಕಾನೂನೇ ಬರೆದಿಟ್ಟಿದೆ.

ಏಜೆಂಟ್ ಯಾವ ಕಾನೂನಿನ ಕೆಳಗೆ

2023ರ ಕೇರಳ ವಲಸೆ ಸಮೀಕ್ಷೆ ರಾಜ್ಯದಿಂದ ಹೊರದೇಶಕ್ಕೆ ಹೋದ ವಿದ್ಯಾರ್ಥಿಗಳನ್ನು ಸುಮಾರು ಎರಡೂವರೆ ಲಕ್ಷ ಎಂದು ಅಂದಾಜಿಸಿತು. 2018ರಲ್ಲಿ ಅದು 1.29 ಲಕ್ಷ ಇತ್ತು. ವಲಸೆಯ ಬಣ್ಣ ಕೂಲಿಯಿಂದ ಓದಿಗೆ ತಿರುಗಿದೆ, ಕಾನೂನು ತಿರುಗಿಲ್ಲ. 1983ರ ವಲಸೆ ಕಾಯ್ದೆ ಉದ್ಯೋಗಕ್ಕಾಗಿ ದೇಶ ಬಿಡುವುದನ್ನು ಮಾತ್ರ ವಲಸೆ ಎನ್ನುತ್ತದೆ. ಗಲ್ಫಿಗೆ ಆಳು ಕಳಿಸುವ ಏಜೆಂಟ್ ಅದರಡಿ ನೋಂದಾಯಿಸಿಕೊಳ್ಳಬೇಕು, ಹೋಗುವವನಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ಹೆಸರು ಇ-ಮೈಗ್ರೇಟ್ ಜಾಲತಾಣದಲ್ಲಿ ಇದೆಯೇ ಎಂದು ಯಾರೂ ನೋಡಬಹುದು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ 'ಓದು ಮತ್ತು ಉದ್ಯೋಗ' ಎಂದು ಬೋರ್ಡು ಹಾಕಿ ಬೂಟ್‌ಕ್ಯಾಂಪ್ ಮಾರುವವನು ಕಳಿಸುವುದು ವಿದ್ಯಾರ್ಥಿಯನ್ನು. ಅವನಿಗೆ ಈ ಯಾವ ಮಿತಿಯೂ ಇಲ್ಲ. ನಿಜವಾದ ಕೆಲಸವೇ ಹಿಂದಿಲ್ಲದ 'ಫ್ರೀ ವಿಸಾ' ಎಂಬ ಹೆಸರಿನಲ್ಲಿ ಮೋಸಹೋದ ಹಿಂದಿನ ತಲೆಮಾರಿಗೆ ದೂರು ಕೊಡಲು ಒಂದು ಕಚೇರಿಯಾದರೂ ಇತ್ತು.

ಐಟಿ ಹೆಸರು ಹೇಳಿ ಕರೆದೊಯ್ಯುವ ಇನ್ನೂ ಕೆಟ್ಟ ಜಾಲದ ಬಗ್ಗೆ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಎಂದು ಹೇಳಿ ಕರೆದೊಯ್ದು ಮ್ಯಾನ್ಮಾರಿನ ಗಡಿ ದಾಟಿಸಿ ಸೈಬರ್ ವಂಚನೆಗೆ ಹಚ್ಚಿದ ಪ್ರಕರಣಗಳವು. ಬೂಟ್‌ಕ್ಯಾಂಪುಗಳನ್ನು ಅದರೊಂದಿಗೆ ಸಮೀಕರಿಸುವುದು ಅನ್ಯಾಯ. ಆದರೆ ಪ್ರವಾಸಿ ವಿಸಾದಲ್ಲಿ ಹೋಗಿ, ಕೆಲಸ ಅಲ್ಲಿ ಹೋದ ಮೇಲೆ ಎಂಬ ಮಾತು ಎರಡರಲ್ಲೂ ಒಂದೇ.

ದಾಖಲೆಗಳ ಓಡಾಟದಲ್ಲಿ ಗಡಿನಾಡಿನವರಿಗೆ ವಿಶೇಷ ಪ್ರಸಾದವೂ ಉಂಟು. ಹತ್ತನೆಯದು ಕೇರಳ ಮಂಡಳಿಯದು, ಪದವಿ ಮಂಗಳೂರು ವಿಶ್ವವಿದ್ಯಾಲಯದ್ದು. ಪ್ರಮಾಣಪತ್ರಕ್ಕೆ ರಾಜ್ಯದ ದೃಢೀಕರಣ ಬೇಕಾದಾಗ ಅದನ್ನು ಕೊಡಬೇಕಾದದ್ದು ಪ್ರಮಾಣಪತ್ರ ಕೊಟ್ಟ ರಾಜ್ಯ. ಒಂದಕ್ಕೆ ಕೇರಳ ಸರಕಾರದ ಅನಿವಾಸಿಗಳ ಸಂಸ್ಥೆ ನೋರ್ಕಾ, ಇನ್ನೊಂದಕ್ಕೆ ಬೆಂಗಳೂರಿನ ಕಚೇರಿ. ತಲಪಾಡಿಯ ರಾಜ್ಯಗಡಿಯ ಗೆರೆ ಬಸ್ಸಿನಲ್ಲಿ ಕುಳಿತವರಿಗೆ ಕಾಣದಿದ್ದರೂ ಕಡತಕ್ಕೆ ಕಾಣುತ್ತದೆ. ಏಜೆಂಟ್ ಇದಕ್ಕೆ 'ಪ್ರೊಸೆಸಿಂಗ್ ಚಾರ್ಜು' ಎಂದು ಬರೆಯುವ ಮೊತ್ತವನ್ನು ಆ ಎರಡು ಕಚೇರಿಗಳ ನಿಜವಾದ ಶುಲ್ಕದ ಜೊತೆ ಹೋಲಿಸಿ ನೋಡುವುದು ಒಳ್ಳೆಯದು.

ಮೋಸವಾದರೆ ಈಗಿರುವ ದಾರಿ 2019ರ ಗ್ರಾಹಕ ರಕ್ಷಣಾ ಕಾಯ್ದೆ. ಸೇವೆಗೆ ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ಏಜೆಂಟನ ಕಚೇರಿ ಕೊಚ್ಚಿಯಲ್ಲಿದ್ದರೂ ಬೆಂಗಳೂರಿನಲ್ಲಿದ್ದರೂ, ದೂರುದಾರ ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಕಾಸರಗೋಡಿನಲ್ಲೇ ಹಾಕಲು ಆ ಕಾಯ್ದೆ ಅವಕಾಶ ಕೊಟ್ಟಿದೆ. ಅಲ್ಲಿ ಮೊದಲು ಕೇಳುವುದು ರಸೀದಿಯನ್ನು ಮತ್ತು ಬರಹದಲ್ಲಿರುವ ಕರಾರನ್ನು. ಪ್ಲೇಸ್‌ಮೆಂಟ್ ಖಾತರಿ ಎಂದು ಬಾಯಲ್ಲಿ ಹೇಳಿದ್ದು ಕರಾರಿನಲ್ಲಿ 'ಉದ್ಯೋಗ ಹುಡುಕಲು ನೆರವು' ಎಂದಾಗಿರುತ್ತದೆ. ಪ್ರೊಸೆಸಿಂಗ್ ಚಾರ್ಜನ್ನು ನಗದಾಗಿಯೇ ಕೊಡಿ ಎಂದು ಏಜೆಂಟ್ ಒತ್ತಾಯಿಸುತ್ತಿದ್ದರೆ, ಅವನು ಈ ಕಾಯ್ದೆಯನ್ನು ನಮಗಿಂತ ಮೊದಲೇ ಓದಿಕೊಂಡಿದ್ದಾನೆ ಎಂದೇ ಲೆಕ್ಕ.